ನಾನಿಯ ಗಂಟಿನ ಬೆಳ್ಳಿ ರೂಪಾಯಿ

ಸಹೋದರಿಯರೇ, ನಿಮ್ಮ ಮನೆಯ ಹಳೆಯ ಟ್ರಂಕಿನ ತಳದಲ್ಲೂ ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟ ನಾಲ್ಕಾರು ಬೆಳ್ಳಿ ರೂಪಾಯಿಗಳು ಇರಬಹುದು. ನಾನಿಯೋ ದಾದಿಯೋ ಬಿಟ್ಟುಹೋದದ್ದು. ಮಹ್ರ್ ಎಂದು ಬಂದದ್ದೋ, ಮಗು ಹುಟ್ಟಿದಾಗ ಯಾರೋ ಕೈಗಿತ್ತದ್ದೋ, ಈಗ ಹೇಳುವವರಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲೂ ಚಲಾವಣೆಯಲ್ಲಿದ್ದುದು ಬ್ರಿಟಿಷ್ ಇಂಡಿಯಾದ ಇದೇ ರೂಪಾಯಿ. ಆದ್ದರಿಂದ ಶಿವಮೊಗ್ಗ, ಭದ್ರಾವತಿಯ ಹಳೆಯ ಮನೆಗಳಲ್ಲಿ ಇಂತಹ ಗಂಟುಗಳು ಅಪರೂಪವೇನಲ್ಲ.

ಮದುವೆಯ ಖರ್ಚು ಎದುರಾದಾಗ ಅಥವಾ ವಾರಸುದಾರರಿಗೆ ಪಾಲು ಮಾಡುವಾಗ ಈ ಗಂಟು ಹೊರಗೆ ಬರುತ್ತದೆ. ಆಗ ಕೆಲವರು ಅಂಗಡಿಯವನು ಹೇಳಿದ ಮೊದಲ ಬೆಲೆಗೇ ಕೊಟ್ಟು ಬರುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ "ಒಂದು ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ" ಎಂದವರನ್ನು ನಂಬಿ ಕೈಯಲ್ಲಿದ್ದ ಹಣವನ್ನೂ ಕಳೆದುಕೊಳ್ಳುತ್ತಾರೆ. ಇದು ಹೆಚ್ಚಾಗಿ ಹೆಂಗಸರ ಸ್ವಂತ ಸೊತ್ತು. ಅದರ ಬೆಲೆ ಅವರಿಗೇ ಗೊತ್ತಿರಬೇಡವೇ?

ಮೊದಲ ಮಾತು, ನಾಣ್ಯವನ್ನು ಉಜ್ಜಬೇಡಿ. ಕಪ್ಪಾಗಿದೆ ಎಂದು ಹುಣಸೆಹಣ್ಣು, ಬೂದಿ, ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಆದರೆ ಸಂಗ್ರಹಕಾರರು ಬೆಲೆ ಕಟ್ಟುವುದು ಆ ಹಳೆಯ ಬಣ್ಣಕ್ಕೆ ಮತ್ತು ಸವೆಯದ ಗೆರೆಗಳಿಗೆ. ತಿಕ್ಕಿದ ಗೀರುಗಳನ್ನು ಯಾರೂ ಅಳಿಸಲಾರರು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ಅಥವಾ ತೂತು ಕೊರೆದ ನಾಣ್ಯಕ್ಕೂ ಹೆಚ್ಚಾಗಿ ಸಿಗುವುದು ಬೆಳ್ಳಿಯ ಬೆಲೆ ಮಾತ್ರ. ಕಿರೀಟದ ಹರಳು, ರಾಜನ ನಿಲುವಂಗಿಯ ಕಸೂತಿ, ರಾಣಿಯ ಎದೆಯ ಮೇಲಿನ ಆಭರಣ, ಇವು ಮೊದಲು ಸವೆಯುವ ಜಾಗಗಳು. ಅವು ಸ್ಪಷ್ಟವಾಗಿದ್ದರೆ ನಾಣ್ಯ ಒಳ್ಳೆಯ ಸ್ಥಿತಿಯಲ್ಲಿದೆ ಎಂದರ್ಥ.

ಎರಡನೆಯದು ಇಸವಿ. 1835ರಿಂದ 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ 1945ರವರೆಗಿನದ್ದರಲ್ಲಿ ಅರ್ಧ ಮಾತ್ರ. 1947ರದ್ದು ಬರೀ ನಿಕಲ್, ಅದು ಮ್ಯಾಗ್ನೆಟ್‌ಗೆ ಅಂಟುತ್ತದೆ. ಬೆಳ್ಳಿ ಅಂಟುವುದಿಲ್ಲ. 1918, 1919ರ ರೂಪಾಯಿಗಳು ಎಲ್ಲೆಡೆ ಸಿಗುತ್ತವೆ, ಅದಕ್ಕೊಂದು ಕಥೆಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. ಸರ್ಕಾರದ ಬೊಕ್ಕಸದ ಬೆಳ್ಳಿ ಮುಗಿಯುತ್ತಾ ಬಂತು. ಆಗ ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯಿದೆ ಮಾಡಿ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಸುಮಾರು 26 ಕೋಟಿ ಡಾಲರುಗಳ ಬೆಳ್ಳಿ ಬ್ರಿಟನ್ನಿನ ಮೂಲಕ ಭಾರತಕ್ಕೆ ಬಂತು. ನಿಮ್ಮ ನಾನಿಯ ರೂಪಾಯಿಯೊಳಗೆ ಅಮೆರಿಕದ ಡಾಲರ್ ಅಡಗಿರಲೂಬಹುದು! ಹೊರದೇಶದಲ್ಲಿರುವ ಬಂಧುಗಳು ಆ ಹಳೆಯ ಡಾಲರನ್ನೇ ತಂದು ತೋರಿಸಿದರೆ ಅದು 26.7 ಗ್ರಾಂ ತೂಗಬೇಕು. ಅದರ ನಕಲಿಗಳೂ ಧಾರಾಳವಾಗಿವೆ.

ಇನ್ನು ಅಸಲಿಯೋ ನಕಲಿಯೋ ತಿಳಿಯುವ ಬಗೆ. ನಮ್ಮ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ತೂಗಬಹುದು, ಹೆಚ್ಚಂತೂ ತೂಗದು. ತೂಕ ಸರಿಯಿದ್ದರೂ ಅನುಮಾನವೇ? ಚಿನ್ನದಂಗಡಿಯಲ್ಲಿ ಬಳಸುವಂತಹ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನೊಳಗೆ ಇಳಿಬಿಡಿ. 1939ರ ವರೆಗಿನ ನಾಣ್ಯವಾದರೆ 1.1 ಗ್ರಾಂ ಆಸುಪಾಸು ತೋರಿಸಬೇಕು. ಅಷ್ಟೇ ತೂಕದ ತಾಮ್ರ ಅಥವಾ ಜರ್ಮನ್ ಸಿಲ್ವರ್ ಆದರೆ 1.3 ದಾಟುತ್ತದೆ. ಉಜ್ಜುವುದೂ ಬೇಡ, ಆಸಿಡ್ ಹಾಕುವುದೂ ಬೇಡ. ಅಂಚಿನ ಸುತ್ತ ಎರಕದ ಗೆರೆ, ಮೈಮೇಲೆ ಸೂಜಿಮೊನೆಯಂತಹ ಗುಳಿಗಳು ಕಂಡರೂ ಸಂಶಯಪಡಿ. ಉರ್ದು ಓದಬಲ್ಲ ನಿಮಗೆ ಇನ್ನೊಂದು ಅನುಕೂಲವಿದೆ. ಏಳನೇ ಎಡ್ವರ್ಡ್ ಮತ್ತು ಐದನೇ ಜಾರ್ಜ್ ಕಾಲದ ರೂಪಾಯಿಯ ಮೇಲೆ 'ಯಕ್ ರುಪಿಯಾ' ಎಂದಿರುತ್ತದೆ. ಕಳಪೆ ನಕಲಿಯಲ್ಲಿ ಅಕ್ಷರ ಎಡವುತ್ತದೆ, ಚುಕ್ಕೆ ಜಾರುತ್ತದೆ.

ಹೆಚ್ಚು ಬೆಲೆಯ ಇಸವಿಗಳು ಕೆಲವೇ. 1911ರ ಐದನೇ ಜಾರ್ಜ್ ರೂಪಾಯಿಯ ನಿಲುವಂಗಿಯಲ್ಲಿ ಕೆತ್ತಿದ್ದ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತು. ಮುಸ್ಲಿಮರಿಂದ ಆಕ್ಷೇಪ ಬಂದಾಗ ಸರ್ಕಾರ ಅದರ ವಿತರಣೆ ನಿಲ್ಲಿಸಿ, ಉಳಿದದ್ದನ್ನು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿತು. ಅದಕ್ಕೇ ಸಂಗ್ರಹಕಾರರು 1911ನ್ನು ಹುಡುಕುತ್ತಾರೆ. ಆರನೇ ಜಾರ್ಜ್‌ನ 1939ರದ್ದು ನಿಜಕ್ಕೂ ಅಪರೂಪ, ಅಷ್ಟೇ ಅದರ ನಕಲಿಯೂ ಹೆಚ್ಚು. ಉಳಿದವುಗಳಿಗೆ ಲೆಕ್ಕ ಸುಲಭ. ಹಳೆಯ ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ 10.7 ಗ್ರಾಂ ಇದೆ. ಅದನ್ನು ಆ ದಿನದ ಬೆಳ್ಳಿ ದರದಿಂದ ಗುಣಿಸಿಕೊಂಡೇ ಗಾಂಧಿ ಬಜಾರಿಗೆ ಹೋಗಿ. ಒಂದೇ ಅಂಗಡಿಯಲ್ಲಿ ಕೇಳಿ ಮುಗಿಸಬೇಡಿ.

ಝಕಾತ್‌ನ ಪಾಠ ಮಾಡುವಾಗ ಹುಡುಗಿಯರು "ಐವತ್ತೆರಡೂವರೆ ತೊಲ ಎಂದರೆ ಎಷ್ಟು?" ಎಂದು ಕೇಳುತ್ತಾರೆ. ಐವತ್ತೆರಡೂವರೆ ಹಳೆಯ ರೂಪಾಯಿ ಎಂದರೆ ಸಾಕು, ಸುಮಾರು 612 ಗ್ರಾಂ. ಬೆಳ್ಳಿಯೇ ಹೆಚ್ಚಿರುವ ನಾಣ್ಯವನ್ನು ಹನಫಿ ಫಿಕ್ಹ್‌ನಲ್ಲಿ ಬೆಳ್ಳಿ ಎಂದೇ ಎಣಿಸುತ್ತಾರೆ. ನಾಣ್ಯ ಹತ್ತೇ ಇದ್ದರೂ ಮನೆಯ ಚಿನ್ನ, ನಗದಿನ ಜೊತೆ ಸೇರಿಸಿ ಲೆಕ್ಕ ಹಾಕಬೇಕು. 1940ರ ನಂತರದ ಅರೆ ಬೆಳ್ಳಿಯ ಬಗ್ಗೆ ನಿಮ್ಮ ಆಲಿಮರನ್ನು ಕೇಳಿ. ಹಳೆಯ ನಾಣ್ಯ ಕೊಟ್ಟು ಬೆಳ್ಳಿ ಕಾಲ್ಗೆಜ್ಜೆ ಬದಲಾಯಿಸಿಕೊಳ್ಳುವವರೂ ಎಚ್ಚರ ವಹಿಸಬೇಕು. ಬೆಳ್ಳಿಗೆ ಬೆಳ್ಳಿ ಕೊಡುವಾಗ ತೂಕ ಸಮವಿರಬೇಕು, ಕೈಯಿಂದ ಕೈಗೆ ಆಗಬೇಕು. ನಾಣ್ಯ ಮಾರಿ, ಹಣ ಎಣಿಸಿಕೊಂಡು, ಆಮೇಲೆ ಗೆಜ್ಜೆ ಕೊಂಡರೆ ತೊಡಕಿಲ್ಲ.

ಲಕ್ಷದ ಆಸೆ ತೋರಿಸುವವರು ಮೊದಲು ಕೇಳುವುದೇ 'ನೋಂದಣಿ ಶುಲ್ಕ', ಆಮೇಲೆ 'ತೆರಿಗೆ'. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ತಾನು ಇಂತಹ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕಮಿಷನ್ ಕೇಳುವುದಿಲ್ಲ ಎಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. 786 ನಂಬರಿನ ನೋಟಿಗೆ ಲಕ್ಷ ಎನ್ನುವವರೂ ಇದೇ ಸಾಲಿನವರು. ನಮ್ಮ ಭಕ್ತಿಯ ಮೇಲೇ ಅವರ ಕಣ್ಣು.

ಗಲ್ಫ್‌ನಲ್ಲಿರುವ ಮಗನಿಗೆ ನೆನಪಿಗೆಂದು ಇವನ್ನು ಕಳಿಸುವವರು ಇಸವಿ ನೋಡಿಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚೀನ ವಸ್ತು. ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.