ಎಲೆಯ ಲೆಕ್ಕ, ಒಲೆಯ ಲೆಕ್ಕ: ಸರ್ವರ್ ಪರವಾನಗಿಯ ಬೆಲೆ

ಸಮ್ಮಾಮಿಷ್ ಸರೋವರದ ದಕ್ಷಿಣ ತುದಿಯಲ್ಲಿ ನಮ್ಮ ಇಸ್ಸಾಕ್ವಾ. ಉತ್ತರ ತುದಿಯಲ್ಲಿ ಮೈಕ್ರೋಸಾಫ್ಟ್ ನೆಲೆಸಿರುವ ರೆಡ್ಮಂಡ್. ಇಲ್ಲಿನ ಕನ್ನಡಿಗರಲ್ಲಿ ತಂತ್ರಾಂಶ ಬರೆಯುವವರಿಗೆ ಬರವಿಲ್ಲ. ಅದರ ಪರವಾನಗಿಗೆ ಬೆಲೆ ಕಟ್ಟುವ ಬಗೆಯನ್ನು ಕೇಳಿದರೆ ಮಾತ್ರ ಬರೆದವರೂ ತಲೆ ಕೆರೆದುಕೊಳ್ಳುತ್ತಾರೆ. ಚಿಕ್ಕ ಚಿಕಿತ್ಸಾಲಯಗಳಲ್ಲಿ ಆ ಪತ್ರಗಳಿಗೆ ಸಹಿ ಹಾಕಬೇಕಾದವರು ಬಹುಮಟ್ಟಿಗೆ ನನ್ನಂಥ ವೈದ್ಯರು. ಆದ್ದರಿಂದ, ದಾಖಲೆಗಳನ್ನು ಕಾಯ್ದಿಡುವ ಎಸ್‌ಕ್ಯೂಎಲ್ ಸರ್ವರ್ ಎಂಬ ಒಂದೇ ತಂತ್ರಾಂಶವನ್ನು ತೆಗೆದುಕೊಂಡು ಲೆಕ್ಕ ಬಿಡಿಸೋಣ.

ಮದುವೆಯ ಅಡುಗೆಯವರು ಎಲೆಗೆ ಇಷ್ಟೆಂದು ಹಣ ಕೇಳುವುದು ನಮಗೆ ಪರಿಚಿತ. ಈ ತಂತ್ರಾಂಶದ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಒಂದು ವಿಧಾನ ಅಂಥದೇ: ಸರ್ವರ್‌ಗೆ ಒಂದು ಬೆಲೆ, ಅದನ್ನು ಬಳಸುವ ಪ್ರತಿಯೊಬ್ಬರಿಗೂ ‘ಕ್ಯಾಲ್’ ಎಂಬ ಪ್ರವೇಶ ಪರವಾನಗಿ ಬೇರೆ. ಇನ್ನೊಂದು ವಿಧಾನದಲ್ಲಿ ಉಣ್ಣುವವರನ್ನು ಎಣಿಸುವುದಿಲ್ಲ, ಒಲೆಗಳನ್ನು ಎಣಿಸುತ್ತಾರೆ; ಇಲ್ಲಿ ಒಲೆಯೆಂದರೆ ಪ್ರೊಸೆಸರಿನೊಳಗಿನ ಕೋರ್. 2012ರ ಆವೃತ್ತಿಗೆ ಮುನ್ನ ಇಡೀ ಪ್ರೊಸೆಸರನ್ನೇ ಒಂದೆಂದು ಎಣಿಸುತ್ತಿದ್ದರು. ಒಂದೊಂದು ಪ್ರೊಸೆಸರಿನಲ್ಲೂ ಕೋರ್‌ಗಳು ಹೆಚ್ಚುತ್ತ ಹೋದಂತೆ ಅದೇ ಹಣಕ್ಕೆ ಗ್ರಾಹಕನಿಗೆ ಹೆಚ್ಚು ಶಕ್ತಿ ದೊರೆಯತೊಡಗಿತು. ಮಾರುವವರು ಅಳತೆಗೋಲನ್ನೇ ಬದಲಿಸಿದರು. ಪ್ರತಿ ಪ್ರೊಸೆಸರಿಗೆ ಕನಿಷ್ಠ 4 ಕೋರ್‌ಗಳಿಗೆ ಹಣ ತೆರಲೇಬೇಕೆಂಬ ನಿಯಮವೂ ಬಂತು.

2022ರ ಆವೃತ್ತಿಯ ಪಟ್ಟಿಬೆಲೆಯಲ್ಲಿ ಸರ್ವರ್‌ಗೆ 989 ಡಾಲರ್, ಪ್ರತಿ ಕ್ಯಾಲ್‌ಗೆ 230, ಎರಡು ಕೋರ್‌ಗಳ ಕಟ್ಟಿಗೆ 3,945. ನಾಲ್ಕು ಕೋರ್‌ಗಳ ಯಂತ್ರವಿದ್ದು 30 ಮಂದಿ ಸಿಬ್ಬಂದಿಯಿದ್ದರೆ ಎಲೆಯ ಲೆಕ್ಕದಲ್ಲಿ 7,889 ಡಾಲರ್. ಒಲೆಯ ಲೆಕ್ಕದಲ್ಲಿ 7,890. ವ್ಯತ್ಯಾಸ ಒಂದೇ ಡಾಲರ್! ಹತ್ತು ಮಂದಿಯಿದ್ದರೆ ಕ್ಯಾಲ್ ಅಗ್ಗ, ನಲವತ್ತಾದರೆ ಕೋರ್ ಅಗ್ಗ.

ಕ್ಯಾಲ್‌ನಲ್ಲೂ ಎರಡು ಬಗೆ. ಮೂರು ಪಾಳಿಯ ದಾದಿಯರು ಸರದಿಯಂತೆ ಒಂದೇ ಕಂಪ್ಯೂಟರನ್ನು ಬಳಸುವುದಾದರೆ ಆ ಯಂತ್ರದ ಹೆಸರಿನಲ್ಲಿ ಒಂದು ಸಾಕು. ಮನೆಯಿಂದಲೂ ಮೊಬೈಲಿನಿಂದಲೂ ದಾಖಲೆ ನೋಡುವ ವೈದ್ಯರಿಗೆ ವ್ಯಕ್ತಿಯ ಹೆಸರಿನದೇ ಮೇಲು.

ಎಡವುವುದು ಇಲ್ಲಲ್ಲ, ರೋಗಿಗಳು ತಮ್ಮ ವರದಿಗಳನ್ನು ತಾವೇ ನೋಡಿಕೊಳ್ಳುವ ಜಾಲತಾಣವನ್ನು ತೆರೆದಾಗ. ಜಾಲತಾಣವೊಂದೇ ತಾನೇ ಸರ್ವರನ್ನು ಮುಟ್ಟುವುದು, ಅದಕ್ಕೊಂದು ಕ್ಯಾಲ್ ಸಾಲದೇ ಎಂದು ಯಾರಿಗಾದರೂ ತೋರೀತು. ಸಾಲದು. ಬಡಿಸುವವನು ಒಬ್ಬನೇ ಎಂದ ಮಾತ್ರಕ್ಕೆ ಎಲೆಗಳು ಕಡಿಮೆಯಾಗವು. ನಡುವೆ ಎಷ್ಟು ಪದರಗಳಿದ್ದರೂ ತುದಿಯಲ್ಲಿರುವ ಪ್ರತಿ ಬಳಕೆದಾರನೂ ಲೆಕ್ಕಕ್ಕೆ ಸೇರುತ್ತಾನೆ. ಎರಡು ಸಾವಿರ ರೋಗಿಗಳಿದ್ದರೆ ಕ್ಯಾಲ್‌ಗಳಿಗೇ 4,60,000 ಡಾಲರ್. ಅದೇ ಯಂತ್ರಕ್ಕೆ ಒಲೆಯ ಲೆಕ್ಕದಲ್ಲಿ ಹಿಂದಿನ 7,890 ಡಾಲರೇ ಸಾಕು. ಸಿಬ್ಬಂದಿಯನ್ನಷ್ಟೇ ಎಣಿಸಿ ಕೊಂಡವರಿಗೆ ಪರವಾನಗಿ ತಪಾಸಣೆಯ ದಿನ ಇದು ತಿಳಿಯುವುದು, ನೋವು ಕಾಣಿಸಿಕೊಂಡ ಮೇಲೆ ಗೊತ್ತಾಗುವ ರೋಗದಂತೆ, ತಡವಾಗಿಯೇ.

ಕೆಳಗಿರುವ ವಿಂಡೋಸ್ ಸರ್ವರ್‌ನ ಪರವಾನಗಿ ಇದರಲ್ಲಿ ಸೇರಿಲ್ಲ. ಅದಕ್ಕೆ ಬೇರೆಯದೇ ಕ್ಯಾಲ್ ಬೇಕು; 2016ರ ಆವೃತ್ತಿಯಿಂದೀಚೆಗೆ ಯಂತ್ರದಲ್ಲಿ ನಾಲ್ಕೇ ಕೋರ್ ಇದ್ದರೂ ಕನಿಷ್ಠ 16ಕ್ಕೆ ತೆರಬೇಕು.

ತೀರ ಚಿಕ್ಕ ಚಿಕಿತ್ಸಾಲಯಕ್ಕೆ ಎಕ್ಸ್‌ಪ್ರೆಸ್ ಎಂಬ ಉಚಿತ ಆವೃತ್ತಿಯುಂಟು. ಅದಕ್ಕೆ ಕ್ಯಾಲ್‌ನ ಗೊಡವೆಯೇ ಇಲ್ಲ. 2022ರದರಲ್ಲಿ ಪ್ರತಿ ದತ್ತಸಂಚಯದ ಮಿತಿ 10 ಜಿಬಿ. ಬರಹದ ದಾಖಲೆಗಳಿಗೆ ಅದು ವರ್ಷಗಟ್ಟಲೆ ಸಾಕಾದೀತು. ಎಕ್ಸ್-ರೇ ಚಿತ್ರಗಳನ್ನೂ ಅದರೊಳಗೇ ತುಂಬಹೊರಟರೆ ಕೆಲವೇ ತಿಂಗಳು.