ನಿಂತ ಗಾಳಿಯಲ್ಲಿ ಸೊರಗುವ ಗಿಡ

ಕೆನಡಾ ದೇಶವು 2018ರ ಅಕ್ಟೋಬರ್ 17ರಂದು ವಯಸ್ಕರ ಗಾಂಜಾ ಬಳಕೆಯನ್ನು ಕಾನೂನುಬದ್ಧಗೊಳಿಸಿದ ಬಳಿಕ, ಪರವಾನಗಿ ಪಡೆದ ಸಂಸ್ಥೆಗಳು ಮುಚ್ಚಿದ ಕೋಣೆಗಳಲ್ಲಿ ವಿದ್ಯುದ್ದೀಪಗಳ ಕೆಳಗೆ ಈ ಗಿಡವನ್ನು ಬೆಳೆಸುವುದು ಅಲ್ಲಿ ದೊಡ್ಡ ಉದ್ಯಮವಾಯಿತು. ಇಂತಹ ಕೋಣೆಯೊಳಗೆ ಬೆಳಕು, ನೀರು, ಗೊಬ್ಬರಗಳನ್ನು ಮನುಷ್ಯನೇ ಒದಗಿಸಬೇಕೆಂಬುದು ಯಾರಿಗಾದರೂ ಹೊಳೆಯುತ್ತದೆ. ಗಾಳಿಯನ್ನೂ ಅಷ್ಟೇ ಲೆಕ್ಕಾಚಾರದಿಂದ ಚಲಿಸುವಂತೆ ಮಾಡಬೇಕೆಂಬುದು ಮಾತ್ರ ಸುಲಭವಾಗಿ ಗಮನಕ್ಕೆ ಬರುವುದಿಲ್ಲ.

ಪ್ರತಿಯೊಂದು ಎಲೆಯ ಮೈಗೂ ಅಂಟಿಕೊಂಡಂತೆ ಬಹುಮಟ್ಟಿಗೆ ನಿಶ್ಚಲವಾದ ಗಾಳಿಯ ತೆಳುವಾದ ಪದರವೊಂದಿರುತ್ತದೆ. ಇದನ್ನು ಸೀಮಾ ಪದರವೆನ್ನುತ್ತಾರೆ. ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳಾದ ಪತ್ರರಂಧ್ರಗಳ ಮೂಲಕ ಒಳಹೋಗುವ ಇಂಗಾಲದ ಡೈಆಕ್ಸೈಡ್ ಆಗಲಿ, ಹೊರಬರುವ ನೀರಾವಿಯಾಗಲಿ ಈ ಪದರವನ್ನು ದಾಟಿಯೇ ಸಾಗಬೇಕು. ಸುಮಾರು 10 ಸೆಂಟಿಮೀಟರ್ ಉದ್ದದ ಎಲೆಯ ಸುತ್ತ ಗಾಳಿಯು ಸೆಕೆಂಡಿಗೆ 0.1 ಮೀಟರ್ ವೇಗದಲ್ಲಿ ತೆವಳುತ್ತಿದ್ದರೆ ಈ ಪದರ ಅಂದಾಜು 4 ಮಿಲಿಮೀಟರ್ ದಪ್ಪವಿರುತ್ತದೆ, ವೇಗವು 1 ಮೀಟರಿಗೆ ಏರಿದಾಗ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಗಾಳಿ ನಿಂತ ಕೋಣೆಯಲ್ಲಿ ಎಲೆಯು ತನ್ನ ಸುತ್ತಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮುಗಿಸುತ್ತಿದ್ದರೂ ಹೊಸದು ಬೇಗ ತಲುಪುವುದಿಲ್ಲ; ಆದ್ದರಿಂದ ದೀಪದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಆಹಾರ ತಯಾರಿಕೆಯಾದ ದ್ಯುತಿಸಂಶ್ಲೇಷಣೆ ಕುಂಠಿತಗೊಳ್ಳುತ್ತದೆ.

ಬೇರು ಹೀರಿದ ನೀರಿನ ಬಹುಪಾಲು ಎಲೆಗಳಿಂದ ಆವಿಯಾಗಿ ಹೋಗುತ್ತದೆ, ಈ ಬಾಷ್ಪವಿಸರ್ಜನೆಯ ಸೆಳೆತದಿಂದಲೇ ಕ್ಯಾಲ್ಸಿಯಂ ಮೇಲಕ್ಕೆ ಸಾಗುತ್ತದೆ. ಒಳಾಂಗಣದಲ್ಲಿ ಬೆಳೆಸಿದ ಲೆಟ್ಯೂಸ್ ಸೊಪ್ಪಿನ ಒಳಗಿನ ಎಳೆಯ ಎಲೆಗಳ ಅಂಚು ಸುಟ್ಟಂತೆ ಕಂದುಗಟ್ಟುವುದು ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲದ್ದರಿಂದಲ್ಲ, ಗಾಳಿ ತಾಗದ ಆ ಎಲೆಗಳಿಗೆ ಅದು ಸಾಕಷ್ಟು ತಲುಪದಿರುವುದರಿಂದ.

ಗಾಂಜಾ ಬೆಳೆಗಾರರಿಗೆ ಇದಕ್ಕಿಂತಲೂ ದೊಡ್ಡ ಆತಂಕವೆಂದರೆ ಶಿಲೀಂಧ್ರ. ಈ ಗಿಡದ ಹೂಗೊಂಚಲು ಬಹಳ ದಟ್ಟವಾಗಿರುವುದರಿಂದ ಅದರ ಒಡಲಲ್ಲಿ ತೇವ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಬೊಟ್ರೈಟಿಸ್ ಎಂಬ ಬೂದು ಬೂಷ್ಟು ನೆಲೆಯೂರಿ, ಹೊರಗೆ ಕಾಣಿಸುವ ಹೊತ್ತಿಗೆ ಒಳಗೆ ಕೊಳೆತ ಹರಡಿರುತ್ತದೆ. ದೀಪ ಆರಿಸಿದ ಮೇಲೆ ಕೋಣೆ ತಣಿದು ಸಾಪೇಕ್ಷ ಆರ್ದ್ರತೆ ಏರುವ ಅವಧಿಯೇ ಹೆಚ್ಚು ಅಪಾಯಕಾರಿ. ಉಳಿತಾಯಕ್ಕೆಂದು ಆ ಹೊತ್ತಿನಲ್ಲಿ ಫ್ಯಾನುಗಳನ್ನು ನಿಲ್ಲಿಸುವುದು ದೊಡ್ಡ ತಪ್ಪು. ಆದರೆ ಬೀಸುಗಾಳಿಯೊಂದೇ ಮದ್ದಲ್ಲ: ಬೂದಿರೋಗವೆಂಬ ಇನ್ನೊಂದು ಶಿಲೀಂಧ್ರ ರೋಗದ ಬೀಜಕಣಗಳು ಗಾಳಿಯಲ್ಲೇ ತೇಲಿ ಹರಡುವುದರಿಂದ, ತೇವಾಂಶ ಹೀರುವ ಯಂತ್ರವೂ ಸೋಸುವ ವ್ಯವಸ್ಥೆಯೂ ಇಲ್ಲದೆ ಅದೇ ಗಾಳಿಯನ್ನು ಸುತ್ತಿಸುತ್ತಿದ್ದರೆ ರೋಗವನ್ನೇ ಸುತ್ತಿಸಿದಂತಾಗುತ್ತದೆ.

ಗಾಳಿಗೆ ತೂಗಾಡುವ ಗಿಡ ಗಿಡ್ಡವಾಗಿ, ಕಾಂಡ ಬಲಿತು ಬೆಳೆಯುತ್ತದೆ. ಸ್ಪರ್ಶ ಮತ್ತು ಅಲುಗಾಟಕ್ಕೆ ಸಸ್ಯಗಳು ತೋರುವ ಈ ಪ್ರತಿಕ್ರಿಯೆಗೆ ವಿಜ್ಞಾನಿ ಮಾರ್ಕ್ ಜಾಫ್ 1973ರಲ್ಲಿ ‘ಥಿಗ್ಮೊಮಾರ್ಫೊಜೆನೆಸಿಸ್’ ಎಂಬ ಹೆಸರಿಟ್ಟರು. ಆದರೆ ಗಾಳಿ ಅತಿಯಾದರೆ ಫಲ ತಿರುಗುಮುರುಗಾಗುತ್ತದೆ. ಒಂದೇ ದಿಕ್ಕಿನಿಂದ ಬಿರುಸಾಗಿ ಬಡಿಯುವ ಗಾಳಿಗೆ ಎಲೆ ನೀರು ಕಳೆದುಕೊಂಡು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಅಂಚುಗಳು ಮುರುಟುತ್ತವೆ. ಗಿಡಗಳ ನಡುವೆ ಮತ್ತು ಕೆಳಗೆ ಎಲೆಗಳು ಮೆಲ್ಲಗೆ ಅಲುಗುವಷ್ಟು ಗಾಳಿ ಹಾಯುವಂತೆ ಮಾಡುವುದೇ ಸರಿಯಾದ ಕ್ರಮ.

ಕೋಣೆಯ ಗಾಳಿಯನ್ನು ಹೀಗೆ ನಿಭಾಯಿಸಲು ತೆರಬೇಕಾದ ಬೆಲೆ ಸಣ್ಣದಲ್ಲ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ಒಳಾಂಗಣದಲ್ಲಿ ಬೆಳೆದ ಒಂದು ಕಿಲೋ ಒಣ ಗಾಂಜಾ ಹೂವಿಗೆ ಸ್ಥಳಾನುಸಾರ 2,283ರಿಂದ 5,184 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲಗಳು ಹೊರಬೀಳುತ್ತವೆ. ಇದರಲ್ಲಿ ಗಾಳಿಯನ್ನು ತಂಪಾಗಿಸುವ, ಬಿಸಿಮಾಡುವ, ಒಣಗಿಸುವ ವ್ಯವಸ್ಥೆಗಳ ಪಾಲು ದೊಡ್ಡದು.

ಭಾರತದಲ್ಲಿ 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧ. ಆದರೆ ಎಲೆಯ ಮೇಲಿನ ಗಾಳಿಯ ನಿಯಮ ಬೆಳೆಯಿಂದ ಬೆಳೆಗೆ ಬದಲಾಗದು: ಕರ್ನಾಟಕದ ಪಾಲಿಹೌಸುಗಳಲ್ಲಿ ದಪ್ಪ ಮೆಣಸಿನಕಾಯಿ, ಗುಲಾಬಿ ಬೆಳೆಯುವ ರೈತರು ಬೆಳಿಗ್ಗೆ ಪಕ್ಕದ ಪರದೆಗಳನ್ನು ಸುತ್ತಿ ಮೇಲೆತ್ತಿ ರಾತ್ರಿಯ ತೇವವನ್ನು ಹೊರಹಾಕಬೇಕು, ಸಾಲುಗಳ ನಡುವೆ ಗಾಳಿ ಹಾಯಲು ಕೆಳಗಿನ ಹಳೆಯ ಎಲೆಗಳನ್ನು ತೆಗೆಯಬೇಕು.