ಓಡುವ ಕಾಲಕ್ಕೆ ಯಾವ ಗಡಿಯಾರ?



ನಿಜ್ವಾದ ಫಲಜ್ ದಾರಿಸ್ ಕಾಲುವೆಯ ದಡದಲ್ಲಿ ನಮ್ಮಲ್ಲಿ ಅನೇಕರು ರಜೆಯ ದಿನ ಕಳೆದಿರುತ್ತೇವೆ. ಒಮಾನಿನ ಫಲಜ್‌ಗಳಲ್ಲಿ ರೈತನ ಪಾಲಿನ ನೀರನ್ನು ಪರಂಪರೆಯಿಂದ ಅಳೆಯುತ್ತ ಬಂದುದು ಕೊಡದಿಂದಲ್ಲ, ಕಾಲದಿಂದ. ಸುಮಾರು ಅರ್ಧ ಗಂಟೆಯ ಪಾಲಿಗೆ 'ಅಥರ್' ಎಂದು ಹೆಸರು. ಹಗಲಿನಲ್ಲಿ ನೆಟ್ಟ ಕೋಲಿನ ನೆರಳು, ಇರುಳಿನಲ್ಲಿ ನಕ್ಷತ್ರಗಳು ಸಮಯ ಹೇಳುತ್ತಿದ್ದವು. ಅಳತೆ ತಪ್ಪಿದರೆ ಯಾರದೋ ತೋಟ ಒಣಗುತ್ತಿತ್ತು. ಬ್ಲಾಕ್‌ಚೈನ್ ತಂತ್ರಾಂಶದಲ್ಲಿ ಕಾಲವನ್ನು ಅಳೆದು ಬರೆದಿಡುವ ಕ್ರಮವೂ ಇಂಥದೇ ಚಿಂತೆಯಿಂದ ಹುಟ್ಟಿದುದು.

ಬ್ಲಾಕ್‌ಚೈನ್ ಎಂದರೆ ಸಾವಿರಾರು ಗಣಕಯಂತ್ರಗಳು ತಮ್ಮತಮ್ಮಲ್ಲೇ ಇಟ್ಟುಕೊಂಡಿರುವ ಒಂದೇ ಖಾತೆಪುಸ್ತಕ. ಅಂಥ ಒಂದೊಂದು ಯಂತ್ರವೂ ಒಂದು 'ನೋಡ್'. ಪುಸ್ತಕದ ಒಂದು ಪುಟವೇ 'ಬ್ಲಾಕ್'. ಎಥೀರಿಯಂ ಜಾಲದಲ್ಲಿ 2022ರ ಸೆಪ್ಟೆಂಬರಿನ ಮಾರ್ಪಾಟಿನೊಡನೆ ಪುಟವೊಂದಕ್ಕೆ 12 ಸೆಕೆಂಡುಗಳ ಅವಧಿ ನಿಗದಿಯಾಯಿತು. ಅದರಲ್ಲಿ ಮೊದಲ 4 ಸೆಕೆಂಡುಗಳೊಳಗೆ ಪುಟವು ತಲುಪಿ, ಪರಿಶೀಲನೆ ಮುಗಿಯದಿದ್ದರೆ, ಸಾಕ್ಷಿ ಹೇಳಬೇಕಾದ ನೋಡ್ ಹಳೆಯ ಪುಟಕ್ಕೇ ಸಾಕ್ಷಿ ಹೇಳಿ ತನ್ನ ಪ್ರತಿಫಲದಲ್ಲಿ ಒಂದಂಶ ಕಳೆದುಕೊಳ್ಳುತ್ತದೆ.

ವಿಳಂಬ ಎಲ್ಲಿ ಆಯಿತು? ಜಾಲದಲ್ಲಿ ಬರುವಾಗಲೋ, ಸಹಿ ಪರೀಕ್ಷಿಸುವಾಗಲೋ, ವ್ಯವಹಾರಗಳನ್ನು ನಡೆಸುವಾಗಲೋ, ಡಿಸ್ಕಿನಿಂದ ಓದುವಾಗಲೋ? ಇದಕ್ಕಾಗಿ ಒಂದೊಂದು ಹಂತಕ್ಕೂ ತಗುಲಿದ ಕಾಲವನ್ನು ಬೇರೆಬೇರೆಯಾಗಿ ಬರೆದಿಡಬೇಕು. ಸರಾಸರಿಯನ್ನು ನಂಬಿದರೆ ಮೋಸ ಹೋಗುತ್ತೇವೆ. ನೂರರಲ್ಲಿ 99 ಪುಟಗಳಿಗೆ 0.2 ಸೆಕೆಂಡು, ಒಂದಕ್ಕೆ 6 ಸೆಕೆಂಡು ಹಿಡಿಯಿತೆನ್ನಿ, ಸರಾಸರಿ 0.26ನ್ನೂ ಮುಟ್ಟುವುದಿಲ್ಲ. ನಷ್ಟ ತಂದದ್ದು ಮಾತ್ರ ಆ ಒಂದೇ ಪುಟ.

ಇನ್ನು ಗಡಿಯಾರದ ಪ್ರಶ್ನೆ. ಯಂತ್ರದೊಳಗೆ ಗಡಿಯಾರಗಳು ಎರಡು. ದಿನಾಂಕ, ಗಂಟೆ ಹೇಳುವುದು ಒಂದು. ಅದನ್ನು ಆಗಾಗ ಜಾಲದ ಮೂಲಕ ತಿದ್ದುವುದರಿಂದ ಅದು ಹಿಂದಕ್ಕೂ ಸರಿಯಬಹುದು. ಇನ್ನೊಂದು ಮುಂದಕ್ಕಷ್ಟೇ ನಡೆಯುವಂಥದು. 2017ರ ಜನವರಿ 1ರಂದು, ನಮ್ಮ ಮಸ್ಕತ್ತಿನಲ್ಲಿ ಮುಂಜಾನೆ ನಾಲ್ಕು ಗಂಟೆಗೆ ಸರಿಯಾಗಿ ಮುನ್ನ, ವಿಶ್ವಕಾಲಕ್ಕೆ ಒಂದು ಸೆಕೆಂಡನ್ನು ಸೇರಿಸಲಾಯಿತು. ಆಗ ಕ್ಲೌಡ್‌ಫ್ಲೇರ್ ಸಂಸ್ಥೆಯ, ಗೋ ಭಾಷೆಯಲ್ಲಿ ಬರೆದ ತಂತ್ರಾಂಶವೊಂದು ಮೊದಲನೆಯ ಗಡಿಯಾರವನ್ನು ನಂಬಿ ಲೆಕ್ಕ ಹಾಕಲು, ಕಳೆದ ಕಾಲ ಸೊನ್ನೆಗಿಂತ ಕಡಿಮೆಯೆಂದು ಬಂದು, ಕೆಲವು ಯಂತ್ರಗಳಲ್ಲಿ ಸೇವೆ ಕುಸಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಗೋ 1.9 ಆವೃತ್ತಿ, ಕಳೆದ ಕಾಲದ ಲೆಕ್ಕಕ್ಕೆ ಎರಡನೆಯ ಗಡಿಯಾರವನ್ನು ಬಳಸತೊಡಗಿತು. ಎಥೀರಿಯಂನ ಪ್ರಸಿದ್ಧ ನೋಡ್ ತಂತ್ರಾಂಶ 'ಗೆಥ್' ಕೂಡ ಗೋ ಭಾಷೆಯದೇ. ಪುಟವೊಂದನ್ನು ಸೇರಿಸಿಕೊಂಡಾಗ ತಗುಲಿದ ಕಾಲವನ್ನು ಅದು ದಾಖಲೆಯಲ್ಲಿ ಬರೆಯುತ್ತದೆ.

ಹಾಗೆಂದು ಮೊದಲನೆಯ ಗಡಿಯಾರವನ್ನು ತೊರೆಯಲಾಗದು. ಮಸ್ಕತ್ತಿನ ದಾಖಲೆಯನ್ನು ಬೆಂಗಳೂರಿನದರೊಡನೆ ಹೋಲಿಸಲು ಸಾಲಿನ ತಲೆಯಲ್ಲಿ ವಿಶ್ವಕಾಲ ಬೇಕೇ ಬೇಕು. ಎರಡನೆಯ ಗಡಿಯಾರದ ಅಂಕಿಗೆ ಆ ಯಂತ್ರದ ಹೊರಗೆ ಅರ್ಥವಿಲ್ಲ.

ನಮ್ಮ ತರುಣರಿಗೆ ಇನ್ನೊಂದು ಮಾತು. ಬರೆಯುವುದಕ್ಕೂ ಕಾಲ ಹಿಡಿಯುತ್ತದೆ. ಮೊದಲೇ ಬಳಲಿದ ಡಿಸ್ಕಿನ ಮೇಲೆ ಪ್ರತಿ ವ್ಯವಹಾರಕ್ಕೂ ಒಂದೊಂದು ಸಾಲು ಸುರಿದರೆ, ನೀರು ಅಳೆಯುವವನೇ ಕಾಲುವೆಗೆ ಅಡ್ಡ ನಿಂತಂತಾದೀತು. ಎಣಿಕೆಗಳನ್ನು ಸ್ಮೃತಿಕೋಶದಲ್ಲೇ ಕೂಡಿಡುತ್ತ, ಪುಟಕ್ಕೊಂದು ಸಾಲು ಬರೆದು, ಗೊತ್ತುಪಡಿಸಿದ ಮಿತಿ ಮೀರಿದಾಗಲಷ್ಟೇ ಹಂತಹಂತದ ವಿವರ ಬರೆಸುವುದು ನಾವು ಮೆಚ್ಚುವ ಕ್ರಮ.